1929ರ ಗಡುವಿನೊಳಗೆ ಬ್ರಿಟನ್ ಒಪ್ಪಿಬಿಟ್ಟಿದ್ದರೆ?

ಪ್ರಶ್ನೆ: 1928ರ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ ಬ್ರಿಟಿಷರಿಗೆ ಒಂದು ವರ್ಷದ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಅವರು ನೆಹರೂ ವರದಿಯನ್ನು ಒಪ್ಪಿ ಡೊಮಿನಿಯನ್ ಸ್ಥಾನಮಾನ (ಕೆನಡಾ, ಆಸ್ಟ್ರೇಲಿಯಾಗಳಂತೆ ಬ್ರಿಟಿಷ್ ದೊರೆಯ ಕೆಳಗೇ ಉಳಿದು ಪಡೆಯುವ ಸ್ವಯಮಾಡಳಿತ) ಕೊಟ್ಟಿದ್ದರೆ ನಮಗೆ ಹದಿನೇಳು ವರ್ಷ ಮೊದಲೇ ಸ್ವಾತಂತ್ರ್ಯ ಬರುತ್ತಿತ್ತಲ್ಲವೇ? ಆಗ ದೇಶ ವಿಭಜನೆ ತಪ್ಪುತ್ತಿತ್ತೇ? ಕರ್ನಾಟಕವೂ ಬೇಗ ಒಂದಾಗುತ್ತಿತ್ತೇ?

ಉತ್ತರ: ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಪಂಜಾಬ್ ಮತ್ತು ಬಂಗಾಳವನ್ನು ಸೀಳಿದ 1947ರ ವಿಭಜನೆ ಬಹುಶಃ ತಪ್ಪುತ್ತಿತ್ತು. ಆದರೆ ಆ ದೇಶದೊಳಗೆ ಮೈಸೂರು ಇರುತ್ತಿರಲಿಲ್ಲ, ಹೈದರಾಬಾದೂ ಇರುತ್ತಿರಲಿಲ್ಲ. ಸೈನ್ಯ ದೆಹಲಿಯ ಮಂತ್ರಿಗಳ ಮಾತು ಕೇಳುತ್ತಿರಲಿಲ್ಲ. ಸಂವಿಧಾನದ ಕರಡು ಅಂಬೇಡ್ಕರ್ ಅವರ ಕೈಗೆ ಬರುತ್ತಿರಲಿಲ್ಲ. ಬರ್ಮಾ ಮಾತ್ರ ಒಳಗಿರುತ್ತಿತ್ತು. ನಾವು ಇಂದು ಸ್ವಾತಂತ್ರ್ಯ ಎಂದು ಯಾವುದನ್ನು ಕರೆಯುತ್ತೇವೋ ಅದು ಆ ದಾರಿಯಲ್ಲಿ ಹದಿನೇಳು ವರ್ಷ ಮುಂಚೆ ಸಿಗುವಂಥದ್ದಾಗಿರಲಿಲ್ಲ. ಸಿಗಬಹುದಾಗಿದ್ದ ವಸ್ತುವೇ ಬೇರೆ.

‘ಹೀಗಾಗಿದ್ದರೆ’ ಎಂಬ ಪ್ರಶ್ನೆಗಳಲ್ಲಿ ನಾನು ಪಾಲಿಸುವ ಕಟ್ಟುಪಾಡು ಒಂದೇ. ಒಂದು ಸಂಗತಿಯನ್ನಷ್ಟೇ ಬದಲಿಸಬೇಕು. ಉಳಿದವರೆಲ್ಲ ಆ ವರ್ಷ ಏನು ಹೇಳುತ್ತಿದ್ದರೋ ಅದನ್ನೇ ಹೇಳುವವರಾಗಿರಬೇಕು. 1948ರ ಪಟೇಲರನ್ನೂ 1950ರ ನೆಹರೂ ಅವರನ್ನೂ 1929ಕ್ಕೆ ಕರೆದೊಯ್ದು ಕೂರಿಸಿದರೆ ಅದು ಇತಿಹಾಸವಾಗುವುದಿಲ್ಲ, ಆಸೆಯಾಗುತ್ತದೆ.

ಆ ವರ್ಷ ನಿಜವಾಗಿ ನಡೆದದ್ದನ್ನು ಮೊದಲು ನೋಡೋಣ. ಮೋತಿಲಾಲ್ ನೆಹರೂ ಅಧ್ಯಕ್ಷತೆಯ ಸಮಿತಿ 1928ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಡೊಮಿನಿಯನ್ ಸ್ಥಾನಮಾನ, 21 ವರ್ಷ ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಮತ, ಧರ್ಮವಾರು ಬೇರೆ ಮತಪಟ್ಟಿಯಿಲ್ಲದ ಜಂಟಿ ಮತದಾರ ವ್ಯವಸ್ಥೆ, ಭಾಷಾವಾರು ಪ್ರಾಂತ — ಇವು ಅದರ ಮುಖ್ಯ ಶಿಫಾರಸುಗಳು. ಕಲ್ಕತ್ತಾ ಅಧಿವೇಶನದಲ್ಲಿ ಸುಭಾಷ್ ಬೋಸ್ ‘ಡೊಮಿನಿಯನ್ ಬೇಡ, ಪೂರ್ಣ ಸ್ವಾತಂತ್ರ್ಯವೇ ಬೇಕು’ ಎಂದು ತಂದ ತಿದ್ದುಪಡಿ 973ಕ್ಕೆ 1,350 ಮತಗಳಿಂದ ಸೋತಿತು. ಗಾಂಧೀಜಿ ಹೊಂದಾಣಿಕೆ ಮಾಡಿಸಿದರು: 1929ರ ಡಿಸೆಂಬರ್ 31ರೊಳಗೆ ಸರಕಾರ ವರದಿಯನ್ನು ಒಪ್ಪಲಿ, ಇಲ್ಲವಾದರೆ ಹೋರಾಟ. ಅಕ್ಟೋಬರ್ 31ರಂದು ವೈಸರಾಯ್ ಇರ್ವಿನ್, ಭಾರತದ ಸಂವಿಧಾನಾತ್ಮಕ ಬೆಳವಣಿಗೆಯ ಸಹಜ ಗುರಿ ಡೊಮಿನಿಯನ್ ಸ್ಥಾನವೇ ಎಂದು ಘೋಷಿಸಿದರು. ಯಾವಾಗ ಎಂದು ಮಾತ್ರ ಹೇಳಲಿಲ್ಲ. ಡಿಸೆಂಬರ್ 23ರಂದು ಗಾಂಧಿ, ಮೋತಿಲಾಲ್, ಜಿನ್ನಾ, ತೇಜ್ ಬಹಾದುರ್ ಸಪ್ರು, ವಿಠ್ಠಲಭಾಯ್ ಪಟೇಲ್ ಐವರೂ ದೆಹಲಿಯಲ್ಲಿ ಇರ್ವಿನ್ ಎದುರು ಕುಳಿತರು. ಅಂದು ಬೆಳಿಗ್ಗೆಯಷ್ಟೇ ದೆಹಲಿಯ ಹತ್ತಿರ ವೈಸರಾಯ್ ಅವರ ರೈಲಿನಡಿ ಬಾಂಬ್ ಸಿಡಿದಿತ್ತು. ದುಂಡುಮೇಜಿನ ಪರಿಷತ್ತು ಡೊಮಿನಿಯನ್ ಸಂವಿಧಾನವನ್ನು ರೂಪಿಸಲೆಂದೇ ಸೇರುತ್ತದೆ ಎಂದು ಭರವಸೆ ಕೊಡಿ ಎಂದರು ಗಾಂಧಿ. ಕೊಡಲಾರೆ ಎಂದರು ಇರ್ವಿನ್. ಎಂಟು ದಿನಗಳಲ್ಲಿ ಲಾಹೋರಿನ ರಾವಿ ದಂಡೆಯಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವಾಯಿತು.

ಇರ್ವಿನ್ ಹೂಂ ಎಂದಿದ್ದರೆ ಕೆಲಸ ಮುಗಿಯುತ್ತಿತ್ತು ಎಂದು ಅನೇಕರು ತಿಳಿಯುತ್ತಾರೆ. ಲಂಡನ್ನಿನ ಲೆಕ್ಕ ಬೇರೆಯೇ ಇತ್ತು. 1929ರ ಮೇ ಚುನಾವಣೆಯಲ್ಲಿ ಗೆದ್ದ ಲೇಬರ್ ಪಕ್ಷಕ್ಕೆ 615 ಸ್ಥಾನಗಳ ಕಾಮನ್ಸ್ ಸಭೆಯಲ್ಲಿ ಬಹುಮತವೇ ಇರಲಿಲ್ಲ. ಲಿಬರಲ್ಲರ ಊರುಗೋಲಿನ ಮೇಲೆ ನಿಂತ ಸರಕಾರ ಅದು. ಆ ಲಿಬರಲ್ಲರ ಪೈಕಿ ಹಿಂದಿನ ವೈಸರಾಯ್ ರೀಡಿಂಗ್ ಅವರೇ ಇರ್ವಿನ್ ಘೋಷಣೆಯನ್ನು ಖಂಡಿಸಿದವರು. ಕಾಮನ್ಸ್ ದಾಟಿದರೂ ಮುಂದೆ ಲಾರ್ಡ್ಸ್ ಸಭೆ ಇತ್ತು, ಅಲ್ಲಿ ಕನ್ಸರ್ವೇಟಿವ್ ಪಕ್ಷದ್ದೇ ದರ್ಬಾರು. 1911ರ ಪಾರ್ಲಿಮೆಂಟ್ ಕಾಯ್ದೆಯ ಪ್ರಕಾರ ಲಾರ್ಡ್ಸ್ ತಿರಸ್ಕರಿಸಿದ ಮಸೂದೆಯನ್ನು ಕಾಮನ್ಸ್ ಮೂರು ಅಧಿವೇಶನಗಳಲ್ಲಿ, ಎರಡು ವರ್ಷದ ಅವಧಿಯಲ್ಲಿ, ಮತ್ತೆ ಮತ್ತೆ ಪಾಸು ಮಾಡಬೇಕಿತ್ತು. 1930ರ ವಸಂತದಲ್ಲಿ ಶುರು ಮಾಡಿದರೆ 1932ಕ್ಕೆ ಮುಗಿಯುತ್ತಿತ್ತು. ಆದರೆ ಲೇಬರ್ ಸರಕಾರ 1931ರ ಆಗಸ್ಟಿನಲ್ಲಿ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿ ಉರುಳಿತು. ಐರ್ಲೆಂಡಿಗೆ ಆದದ್ದೂ ಇದೇ. 1912ರಲ್ಲಿ ಮಂಡನೆಯಾದ ಹೋಮ್ ರೂಲ್ ಮಸೂದೆ ಲಾರ್ಡ್ಸ್ ತಡೆಯನ್ನು ದಾಟಿ ಕಾಯ್ದೆಯಾಗುವ ಹೊತ್ತಿಗೆ 1914ರ ಸೆಪ್ಟೆಂಬರ್. ಅಷ್ಟರಲ್ಲಿ ಮಹಾಯುದ್ಧ ಬಂದು ಅದು ಮೂಲೆ ಸೇರಿತ್ತು. ಆ ಎರಡು ವರ್ಷಗಳಲ್ಲಿ ಹೋಮ್ ರೂಲನ್ನು ವಿರೋಧಿಸುತ್ತಿದ್ದ ಅಲ್ಸ್ಟರ್‌ನ ಪ್ರಾಟೆಸ್ಟೆಂಟರು ಬಂದೂಕು ತರಿಸಿಕೊಂಡಿದ್ದರು.

ಹಾಗಾದರೆ ನಿಮ್ಮ ಪ್ರಶ್ನೆಗಾಗಿ ಬದಲಿಸಬೇಕಾದ ಒಂದು ಸಂಗತಿ ಯಾವುದು? ನನ್ನ ಆಯ್ಕೆ ಸ್ಟ್ಯಾನ್ಲಿ ಬಾಲ್ಡ್ವಿನ್. ಕನ್ಸರ್ವೇಟಿವ್ ನಾಯಕರಾದ ಅವರು ಇರ್ವಿನ್ ಘೋಷಣೆಯನ್ನು ಬೆಂಬಲಿಸಿ ತಮ್ಮ ಪಕ್ಷದವರಿಂದಲೇ ಸಾಕಷ್ಟು ಬೈಸಿಕೊಂಡರು. ಇರ್ವಿನ್ನರನ್ನು ಭಾರತಕ್ಕೆ ಕಳಿಸಿದ್ದೂ ಅವರ ಸರಕಾರವೇ. ಬಾಲ್ಡ್ವಿನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಭಾರತಕ್ಕೆ ಅಧಿಕಾರ ಕೊಡುವುದನ್ನು ವಿರೋಧಿಸುತ್ತಿದ್ದ ಚರ್ಚಿಲ್ ಮತ್ತು ಬರ್ಕೆನ್‌ಹೆಡ್ ಬಣವನ್ನು ಬದಿಗೆ ತಳ್ಳಿ, ಲೇಬರ್ ಜೊತೆ ಸೇರಿ ಮಸೂದೆ ಪಾಸು ಮಾಡಿಸಿದರು ಎಂದಿಟ್ಟುಕೊಳ್ಳಿ. 1931ರ ಹೊತ್ತಿಗೆ ಭಾರತ ಡೊಮಿನಿಯನ್. ಇದು ಅಸಾಧ್ಯವಾಗಿರಲಿಲ್ಲ.

ಆದರೆ ಬಾಲ್ಡ್ವಿನ್ ಪುಕ್ಕಟೆ ಕೊಡುವವರಲ್ಲ. ಅವರು ಕೇಳುತ್ತಿದ್ದ ಬೆಲೆ ಏನೆಂದು ಊಹಿಸಬೇಕಾಗಿಯೂ ಇಲ್ಲ, ದಾಖಲೆಯಲ್ಲೇ ಇದೆ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದವನ್ನು ತೆಗೆದು ನೋಡಿ. ಉಪ್ಪಿನ ಮಾತು, ಕೈದಿಗಳ ಬಿಡುಗಡೆಯ ಮಾತು ಎಲ್ಲರಿಗೂ ನೆನಪಿದೆ. ಶುರುವಿನಲ್ಲೇ ಬರುವ ಒಂದು ಕಲಮನ್ನು ಯಾರೂ ಎತ್ತುವುದಿಲ್ಲ. ರಕ್ಷಣೆ, ವಿದೇಶಾಂಗ, ಅಲ್ಪಸಂಖ್ಯಾತರ ಸ್ಥಾನ, ಭಾರತದ ಸಾಲ ಮತ್ತು ಹಣಕಾಸಿನ ಹೊಣೆ — ಈ ವಿಷಯಗಳಲ್ಲಿ ಬ್ರಿಟಿಷ್ ಹಿಡಿತ ಉಳಿಯುವಂಥ ‘ರಕ್ಷಣೋಪಾಯ’ಗಳನ್ನು ಇಟ್ಟುಕೊಂಡೇ ಮುಂದಿನ ಮಾತುಕತೆ ಎಂದು ಅದರಲ್ಲಿದೆ. ಅದಕ್ಕೆ ಗಾಂಧೀಜಿಯ ಸಹಿಯಿದೆ. ದಂಡಿ ಯಾತ್ರೆಯಾಗಿ, ಸಾವಿರಾರು ಜನ ಜೈಲಿಗೆ ಹೋಗಿ ಬಂದ ಮೇಲೂ ಕಾಂಗ್ರೆಸ್ಸಿಗೆ ದಕ್ಕಿದ್ದು ಇಷ್ಟೇ ಎಂದ ಮೇಲೆ, ಹೋರಾಟವೇ ಇಲ್ಲದೆ 1929ರಲ್ಲಿ ಇದಕ್ಕಿಂತ ಹೆಚ್ಚು ಹೇಗೆ ದಕ್ಕೀತು?

ಇದೇ ಬಗೆಯ ಪಟ್ಟಿ ಆಗಲೇ ಇನ್ನೊಂದು ದೇಶದಲ್ಲಿ ಜಾರಿಯಲ್ಲಿತ್ತು. 1922ರ ಫೆಬ್ರವರಿ 28ರಂದು ಬ್ರಿಟನ್ ಈಜಿಪ್ಟನ್ನು ಸ್ವತಂತ್ರ ಎಂದು ಸಾರಿತು. ನಾಲ್ಕು ವಿಷಯಗಳನ್ನು ಮಾತ್ರ ತನ್ನಲ್ಲಿ ಇಟ್ಟುಕೊಂಡಿತು: ಸಾಮ್ರಾಜ್ಯದ ಸಂಚಾರ ಮಾರ್ಗ, ದೇಶದ ರಕ್ಷಣೆ, ವಿದೇಶಿಯರ ಹಾಗೂ ಅಲ್ಪಸಂಖ್ಯಾತರ ಹಿತ, ಮತ್ತು ಸುಡಾನ್. ರಾಜ, ಸಂಸತ್ತು, ಬಾವುಟ ಎಲ್ಲ ಬಂದವು. ಬ್ರಿಟನ್ನಿನ ಕಟ್ಟಕಡೆಯ ಸೈನಿಕ ಅಲ್ಲಿಂದ ಹೊರಟದ್ದು 1956ರ ಜೂನ್‌ನಲ್ಲಿ, ನಮ್ಮ ಗಣರಾಜ್ಯಕ್ಕೆ ಆರು ವರ್ಷ ತುಂಬಿದ ಮೇಲೆ. ಆ ಕಾಲದ ಬೇಗ ಬಂದ ಸ್ವಾತಂತ್ರ್ಯಗಳು ಹೆಚ್ಚಾಗಿ ಇದೇ ತರದವು. 1932ರಲ್ಲಿ ಸ್ವತಂತ್ರವಾದ ಇರಾಕನ್ನು 1941ರ ಮೇ ತಿಂಗಳಲ್ಲಿ ಬ್ರಿಟನ್ ಯುದ್ಧ ಮಾಡಿ ಮತ್ತೆ ಹಿಡಿಯಿತು.

ಸೈನ್ಯದ ವಿಷಯ ಬಂದಾಗ ನಮ್ಮವರೇ ಆದ ಕಾರ್ಯಪ್ಪನವರನ್ನು ನೆನೆಯಬೇಕು. ಕೊಡಗಿನ ಈ ಯುವಕ 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದವರು. 1929ರ ಕೊನೆಗೆ ಅವರದು ಹತ್ತು ವರ್ಷದ ಸೇವೆ. ಅಂಥವರು ಬೆರಳೆಣಿಕೆ. ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ ಹತ್ತು ಸ್ಥಾನ ಕೊಡುವುದು ಶುರುವಾದದ್ದೇ 1918ರಲ್ಲಿ. ಭಾರತೀಯ ಅಧಿಕಾರಿಗಳನ್ನು ಎಂಟೇ ತುಕಡಿಗಳಿಗೆ ಸೀಮಿತ ಮಾಡುವ ಯೋಜನೆ 1923ರದು. ಬ್ರಿಟಿಷ್ ಕಿರಿಯ ಅಧಿಕಾರಿ ಕಪ್ಪು ಮೇಲಧಿಕಾರಿಯ ಕೈಕೆಳಗೆ ಬರಬಾರದೆಂಬುದೇ ಅದರ ಒಳಗುಟ್ಟು. ಡೆಹ್ರಾಡೂನಿನ ಅಕಾಡೆಮಿ ಬಾಗಿಲು ತೆರೆದದ್ದು 1932ರಲ್ಲಿ, ಮೊದಲ ತಂಡದಲ್ಲಿ 40 ಮಂದಿ. ಕಾರ್ಯಪ್ಪ ಒಂದು ಬೆಟಾಲಿಯನ್ನಿನ ನಾಯಕರಾದದ್ದು 1942ರಲ್ಲಿ, ಹಾಗಾದ ಮೊದಲ ಭಾರತೀಯರೂ ಅವರೇ. ಅಂದರೆ 1931ರ ಡೊಮಿನಿಯನ್ ಸರಕಾರದ ರಕ್ಷಣಾ ಮಂತ್ರಿ ಯಾರೇ ಆಗಲಿ, ಅವರ ಆದೇಶ ಹೊತ್ತು ನಡೆಯುವ ಭಾರತೀಯ ಕರ್ನಲ್ ಒಬ್ಬರೂ ಇರುತ್ತಿರಲಿಲ್ಲ. 1947ರಲ್ಲಿ ಸಾವಿರಾರು ಅನುಭವಿ ಭಾರತೀಯ ಅಧಿಕಾರಿಗಳು ಸಿಕ್ಕಿದ್ದು ಎರಡನೆಯ ಮಹಾಯುದ್ಧದ ದೆಸೆಯಿಂದ.

ಇನ್ನು ಸಂಸ್ಥಾನಗಳು. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಐನೂರ ಅರವತ್ತಕ್ಕೂ ಹೆಚ್ಚು ಸಂಸ್ಥಾನಗಳು ಉಪಖಂಡದ ಐದರಲ್ಲಿ ಎರಡು ಪಾಲು ನೆಲವನ್ನು, ಸುಮಾರು ನಾಲ್ಕನೇ ಒಂದು ಪಾಲು ಜನರನ್ನು ಹಿಡಿದಿದ್ದವು. ಡೊಮಿನಿಯನ್ ಸರಕಾರ ಬಂದರೆ ಸಂಸ್ಥಾನಗಳ ಮೇಲಿನ ಸಾರ್ವಭೌಮತ್ವ ತಾನಾಗಿಯೇ ಅದಕ್ಕೆ ಬರಬೇಕು ಎಂಬುದು ನೆಹರೂ ವರದಿಯ ನಿಲುವು. ರಾಜರು ಬೆಚ್ಚಿಬಿದ್ದರು. ಸಂಸ್ಥಾನಗಳ ವಿಷಯಕ್ಕೆ ಬ್ರಿಟನ್ ನೇಮಿಸಿದ್ದ ಬಟ್ಲರ್ ಸಮಿತಿ 1929ರಲ್ಲೇ ಅವರಿಗೆ ಅಭಯ ಕೊಟ್ಟಿತು: ರಾಜರ ಒಪ್ಪಿಗೆಯಿಲ್ಲದೆ ಅವರ ಸಂಬಂಧವನ್ನು ಭಾರತೀಯ ಶಾಸಕಾಂಗಕ್ಕೆ ಹೊಣೆಯಾದ ಸರಕಾರಕ್ಕೆ ವರ್ಗಾಯಿಸಕೂಡದು. ಬ್ರಿಟನ್ ಯಾವ ಕಾರಣಕ್ಕೂ ಈ ಮಾತು ಮುರಿಯುತ್ತಿರಲಿಲ್ಲ. ಏಕೆಂದರೆ ದೆಹಲಿಯಲ್ಲಿ ಅಧಿಕಾರ ಬಿಟ್ಟುಕೊಟ್ಟ ಮೇಲೂ ಉಪಖಂಡದಲ್ಲಿ ಕಾಲೂರಲು ಅದಕ್ಕೆ ಉಳಿಯುವ ಜಾಗವೇ ಸಂಸ್ಥಾನಗಳು. ಸಿಕಂದರಾಬಾದಿನಲ್ಲಿ ದಂಡು, ಬೆಂಗಳೂರಿನಲ್ಲಿ ದಂಡು. ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರಿಗೆ ಮರಳಿದ್ದು 1947ರ ಜುಲೈ ಕೊನೆಗೆ.

ರಾಜರು ತಾವಾಗಿ ಸೇರುತ್ತಿರಲಿಲ್ಲವೇ? 1930ರ ನವೆಂಬರಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಬಿಕಾನೇರಿನ ಮಹಾರಾಜರು ಮೊದಲಾದವರು ಒಕ್ಕೂಟಕ್ಕೆ ಒಪ್ಪಿದಾಗ ಎಲ್ಲರಿಗೂ ಹಾಗೇ ಅನ್ನಿಸಿತ್ತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲರೂ ಆ ಪರಿಷತ್ತಿನಲ್ಲಿದ್ದರು, ಒಕ್ಕೂಟದ ಪರವಾಗಿದ್ದರು. ಆದರೆ ಉತ್ಸಾಹ ಬಹಳ ಕಾಲ ಉಳಿಯಲಿಲ್ಲ. 1935ರ ಕಾಯ್ದೆ ಒಕ್ಕೂಟಕ್ಕೆ ಇಟ್ಟ ಷರತ್ತು ದೊಡ್ಡದೇನಲ್ಲ: ಸಂಸ್ಥಾನಗಳ ಒಟ್ಟು ಜನಸಂಖ್ಯೆಯ ಅರ್ಧಪಾಲನ್ನು ಆಳುವ, ಮೇಲ್ಮನೆಯಲ್ಲಿ 52 ಸ್ಥಾನಗಳಿಗೆ ಹಕ್ಕುಳ್ಳ ರಾಜರು ಸಹಿ ಹಾಕಿದರೆ ಸಾಕಿತ್ತು. ನಾಲ್ಕು ವರ್ಷ ಅವರು ಚೌಕಾಸಿ ಮಾಡಿದರು; ಯುದ್ಧ ಶುರುವಾದಾಗಲೂ ಅರ್ಧ ತುಂಬಿರಲಿಲ್ಲ. 1947ರಲ್ಲಿ ಅವರು ಬೇಗ ಬೇಗ ಸಹಿ ಹಾಕಿದ್ದಕ್ಕೆ ಕಾರಣ, ಬೆನ್ನ ಹಿಂದೆ ನಿಲ್ಲುತ್ತಿದ್ದ ಬ್ರಿಟಿಷ್ ಸೈನ್ಯ ಗಂಟುಮೂಟೆ ಕಟ್ಟುತ್ತಿತ್ತು, ಮುಂದೆ ಸ್ವಂತ ಪ್ರಜೆಗಳೇ ಬೀದಿಗಿಳಿದಿದ್ದರು. ಮೈಸೂರನ್ನೇ ನೋಡಿ. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರು ಆದ ಮೇಲೆಯೇ 1947ರ ಮೈಸೂರು ಚಲೋ ಸಾಧ್ಯವಾದದ್ದು. 1931ರಲ್ಲಿ ಇವೆರಡೂ ಒತ್ತಡ ಇರಲಿಲ್ಲ. ಸಂಸ್ಥಾನಗಳ ಒಳಗಿನ ಹೋರಾಟಕ್ಕೆ ತಲೆ ಹಾಕುವುದಿಲ್ಲ ಎಂಬುದೇ ಆಗ ಕಾಂಗ್ರೆಸ್ಸಿನ ನೀತಿಯಾಗಿತ್ತು.

ಹೀಗಾಗಿ ಆ ಭಾರತದ ನಕ್ಷೆ ಇಲಿ ಕಚ್ಚಿದ ಕಂಬಳಿಯಂತೆ ಇರುತ್ತಿತ್ತು. ಒಂದು ಪಾಕಿಸ್ತಾನದ ಬದಲು ಐನೂರು ತೂತು.

ಹಣದ ವಿಷಯವನ್ನು ಸ್ವಾತಂತ್ರ್ಯದ ಚರ್ಚೆಯಲ್ಲಿ ಜನ ಮರೆಯುತ್ತಾರೆ. 1931 ಎಂದರೆ ಮಹಾ ಕುಸಿತದ ನಟ್ಟನಡುವೆ. ಬೆಳೆಗಳ ಬೆಲೆ ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಬಿದ್ದಿತ್ತು. ಕಂದಾಯ, ಬಡ್ಡಿ ಮಾತ್ರ ಹಳೆಯ ದರದಲ್ಲೇ. ರೈತರ ಮನೆಯ ಬಂಗಾರ ಬೊಂಬಾಯಿಯ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ರೂಪಾಯಿಯನ್ನು 1927ರಲ್ಲಿ ಒಂದು ಶಿಲಿಂಗ್ ಆರು ಪೆನ್ಸಿಗೆ ಕಟ್ಟಿಹಾಕಿದ್ದರು. ಇದು ದುಬಾರಿ ದರ, ಒಂದು ಶಿಲಿಂಗ್ ನಾಲ್ಕು ಪೆನ್ಸ್ ಸಾಕು ಎಂದು ನಮ್ಮ ವ್ಯಾಪಾರಿಗಳು ಬಾಯಿ ಬಡಿದುಕೊಂಡರೂ ಕೇಳಿರಲಿಲ್ಲ. ಆಸ್ಟ್ರೇಲಿಯಾ ಡೊಮಿನಿಯನ್ ಆಗಿದ್ದರಿಂದ 1931ರಲ್ಲಿ ತನ್ನ ಪೌಂಡಿನ ಬೆಲೆ ಇಳಿಸಿಕೊಂಡು ರೈತರಿಗೆ ಉಸಿರು ಕೊಟ್ಟಿತು. ನಮ್ಮ ಡೊಮಿನಿಯನ್ ಸರಕಾರಕ್ಕೂ ಆ ಅವಕಾಶ ಇರುತ್ತಿತ್ತು, ‘ರಕ್ಷಣೋಪಾಯ’ ಅಡ್ಡ ಬರದಿದ್ದರೆ. ಆದರೆ ಸಾಲ? 1931ರ ಭಾರತ ಲಂಡನ್ನಿಗೆ ಸಾಲಗಾರ. 1946ರ ಹೊತ್ತಿಗೆ ಯುದ್ಧದ ಖರ್ಚಿನ ಲೆಕ್ಕದಲ್ಲಿ ಬ್ರಿಟನ್ನೇ ನಮಗೆ ಸುಮಾರು 130 ಕೋಟಿ ಪೌಂಡ್ ಬಾಕಿದಾರ. ಸಾಲ ಕೊಟ್ಟವನ ಎದುರು ಸ್ವಾತಂತ್ರ್ಯ ಕೇಳುವುದಕ್ಕೂ ಸಾಲ ಪಡೆದವನನ್ನು ಬೀಳ್ಕೊಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ.

ಸಾಲಗಾರ ಡೊಮಿನಿಯನ್ನುಗಳ ಪಾಡು ಏನಾಯಿತೆಂದು ತಿಳಿಯಲು ನ್ಯೂಫೌಂಡ್‌ಲ್ಯಾಂಡ್ ಸಾಕು. ಕೆನಡಾದಂತೆಯೇ ಅದೂ ಒಂದು ಡೊಮಿನಿಯನ್. ಕುಸಿತದಲ್ಲಿ ಬಡ್ಡಿ ಕಟ್ಟಲಾಗದೆ 1934ರಲ್ಲಿ ತನ್ನ ಸ್ವಯಮಾಡಳಿತವನ್ನೇ ಬಿಟ್ಟುಕೊಟ್ಟಿತು. ಲಂಡನ್ ನೇಮಿಸಿದ ಆಯೋಗ ಆಳತೊಡಗಿತು. ಆಸ್ಟ್ರೇಲಿಯಾದೊಳಗೂ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಜ್ಯಾಕ್ ಲ್ಯಾಂಗ್ ಲಂಡನ್ನಿನ ಸಾಲಕ್ಕೆ ಬಡ್ಡಿ ಕೊಡುವುದಿಲ್ಲ ಎಂದು ಹಟ ಹಿಡಿದರು. 1932ರ ಮೇ ತಿಂಗಳಲ್ಲಿ ಗವರ್ನರ್ ಅವರನ್ನು ವಜಾ ಮಾಡಿದರು. ಬಿಳಿಯರ ನಾಡುಗಳಲ್ಲೇ ಹೀಗೆ. ಭಾರತದ ಸಾಲದಲ್ಲಿ ಅನ್ಯಾಯದ ಪಾಲೆಷ್ಟು ಎಂದು ಕಾಂಗ್ರೆಸ್ 1931ರಲ್ಲಿ ಸಮಿತಿಯನ್ನೇ ಕೂರಿಸಿತ್ತು. ಅಧಿಕಾರದಲ್ಲಿದ್ದು ಆ ಮಾತು ಎತ್ತಿದ್ದರೆ ವೈಸರಾಯ್ ಸುಮ್ಮನಿರುತ್ತಿರಲಿಲ್ಲ.

ಬರ್ಮಾದ್ದು ಇನ್ನೊಂದು ತಲೆನೋವು. 1937ರವರೆಗೂ ಅದು ಭಾರತದ ಒಂದು ಪ್ರಾಂತ. 1930ರ ಮೇ ತಿಂಗಳಲ್ಲಿ ರಂಗೂನಿನಲ್ಲಿ ಭಾರತೀಯ ಕೂಲಿಕಾರರ ಮೇಲೆ ಗಲಭೆಯಾಯಿತು. ಡಿಸೆಂಬರಿನಲ್ಲಿ ಸಾಯಾ ಸಾನ್ ಮುಂದಾಳತ್ವದಲ್ಲಿ ರೈತರು ದಂಗೆ ಎದ್ದರು. ಅಲ್ಲಿನ ಗದ್ದೆಗಳು ಸಾಲಕ್ಕೆ ಸಿಕ್ಕಿ ತಮಿಳು ಲೇವಾದೇವಿಗಾರರಾದ ಚೆಟ್ಟಿಯಾರರ ಕೈ ಸೇರುತ್ತಿದ್ದ ಕಾಲ. ನಮ್ಮ ಸ್ವರಾಜ್ಯ ಸರಕಾರದ ಮೊದಲ ದೊಡ್ಡ ಕೆಲಸ ಬರ್ಮಾದ ರೈತರ ಮೇಲೆ ಗುಂಡು ಹಾರಿಸುವುದಾಗುತ್ತಿತ್ತು ಎಂದರೆ ಕಹಿ ಅನ್ನಿಸಬಹುದು. ಆದರೆ ಹಾಗೆ ಆಗದಿರಲು ಕಾರಣವೂ ಕಾಣುವುದಿಲ್ಲ.

ಈಗ ವಿಭಜನೆಯ ಪ್ರಶ್ನೆ. 1929ರಲ್ಲಿ ಮುಸ್ಲಿಂ ಲೀಗ್ ಇಬ್ಭಾಗವಾಗಿ ಸೊರಗಿದ ಪಕ್ಷ. ಜಿನ್ನಾ ಒಂದು ಕಡೆ, ಪಂಜಾಬಿನ ಷಫಿ ಇನ್ನೊಂದು ಕಡೆ. ಜಿನ್ನಾ 1927ರಲ್ಲಿ ಪ್ರತ್ಯೇಕ ಮತದಾರ ವ್ಯವಸ್ಥೆಯನ್ನೇ ಬಿಟ್ಟುಕೊಡಲು ಸಿದ್ಧರಿದ್ದವರು. 1928ರ ಡಿಸೆಂಬರಿನಲ್ಲಿ ಕಲ್ಕತ್ತಾದ ಸರ್ವಪಕ್ಷ ಸಮಾವೇಶದಲ್ಲಿ ಅವರು ಕೇಳಿದ ಮುಖ್ಯ ತಿದ್ದುಪಡಿಗಳು ಮೂರು: ಕೇಂದ್ರ ಶಾಸನಸಭೆಯಲ್ಲಿ ಮುಸ್ಲಿಮರಿಗೆ ಮೂರನೇ ಒಂದು ಪಾಲು, ಉಳಿಕೆ ಅಧಿಕಾರ (ಸಂವಿಧಾನ ಹೆಸರಿಸದ ವಿಷಯಗಳ ಅಧಿಕಾರ) ಪ್ರಾಂತಗಳಿಗೆ, ಪಂಜಾಬ್ ಮತ್ತು ಬಂಗಾಳದಲ್ಲಿ ಜನಸಂಖ್ಯೆಗೆ ತಕ್ಕ ಮೀಸಲು. ಕೊಟ್ಟುಬಿಡಿ, ಇಷ್ಟಕ್ಕಾಗಿ ಕೆಲಸ ಕೆಡಿಸಬೇಡಿ ಎಂದು ಸಪ್ರು ಬೇಡಿಕೊಂಡರು. ಹಿಂದೂ ಮಹಾಸಭೆಯ ಪರವಾಗಿ ಎಂ. ಆರ್. ಜಯಕರ್ ಖಂಡತುಂಡವಾಗಿ ವಿರೋಧಿಸಿದರು. ನಾಲ್ಕನೇ ಒಂದು ಪಾಲಿಗೂ ಮೂರನೇ ಒಂದು ಪಾಲಿಗೂ ನಡುವೆ ಇದ್ದ ಅಂತರಕ್ಕಾಗಿ ಮಾತು ಮುರಿಯಿತು. ನನ್ನನ್ನು ಕೇಳಿದರೆ, ಆ ದಶಕದ ಅತಿ ದುಬಾರಿ ಜಿಪುಣತನ ಅದು.

ಬ್ರಿಟನ್ 1929ರಲ್ಲಿ ಒಪ್ಪಿದ್ದರೂ ನೆಹರೂ ವರದಿಯನ್ನು ಇದ್ದ ಹಾಗೇ ಒಪ್ಪುತ್ತಿರಲಿಲ್ಲ. ಪಂಜಾಬಿನ ಯೂನಿಯನಿಸ್ಟ್ ಪಕ್ಷದ ಫಜ್ಲ್-ಇ-ಹುಸೇನರನ್ನು ಬಿಟ್ಟು ವೈಸರಾಯ್ ಹೆಜ್ಜೆ ಇಡುವವರೇ ಅಲ್ಲ. ಸೈನ್ಯಕ್ಕೆ ಆಳು ಕೊಡುತ್ತಿದ್ದ ಪ್ರಾಂತ ಅದು. ಅವರಿಗೆ ಬೇಕಿದ್ದುದು ಪ್ರತ್ಯೇಕ ಮತದಾರ ಪಟ್ಟಿ ಮತ್ತು ಬಲವಾದ ಪ್ರಾಂತ. ಹೀಗಾಗಿ ಕೊನೆಗೆ ಹೊರಬರುತ್ತಿದ್ದುದು ತೆಳ್ಳನೆಯ ಕೇಂದ್ರ, ದಪ್ಪನೆಯ ಪ್ರಾಂತಗಳು. ಹೆಚ್ಚುಕಡಿಮೆ 1946ರ ಕ್ಯಾಬಿನೆಟ್ ಮಿಷನ್ ಮುಂದಿಟ್ಟ ಮಾದರಿ. ಅಂಥ ಏರ್ಪಾಡಿನಲ್ಲಿ ಲಾಹೋರನ್ನು ಯೂನಿಯನಿಸ್ಟರು, ಬಂಗಾಳವನ್ನು ಫಜಲುಲ್ ಹಕ್ ತರದ ರೈತಪಕ್ಷದವರು ಆಳಿಕೊಂಡು ಹೋಗುತ್ತಿದ್ದರು. ಅವರಿಗೆ ಬೇರೆ ದೇಶ ಬೇಕಿರಲಿಲ್ಲ, ದೆಹಲಿ ದೂರವಿದ್ದರೆ ಸಾಕಿತ್ತು. ಇಕ್ಬಾಲರು 1930ರ ಡಿಸೆಂಬರಿನಲ್ಲಿ ಅಲಹಾಬಾದಿನಲ್ಲಿ ವಾಯವ್ಯದ ಮುಸ್ಲಿಂ ರಾಜ್ಯದ ಮಾತನ್ನಾಡಿದ್ದು ನಿಜ, ಆದರೆ ಆಗ ಅದರ ಹಿಂದೆ ಮತಗಳಿರಲಿಲ್ಲ. 1937ರ ಚುನಾವಣೆಯಲ್ಲೂ ಲೀಗಿಗೆ ಬಂದದ್ದು ಮುಸ್ಲಿಂ ಸ್ಥಾನಗಳ ಕಾಲುಭಾಗದಷ್ಟೇ. ಅದನ್ನು ಬೆಳೆಸಿದ್ದು ಆ ಮೇಲಿನ ಹತ್ತು ವರ್ಷ: ಕಾಂಗ್ರೆಸ್ ಮಂತ್ರಿಮಂಡಲಗಳ ಮೇಲಿನ ದೂರು, 1939ರ ರಾಜೀನಾಮೆ, 1942ರಿಂದ ಕಾಂಗ್ರೆಸ್ ಜೈಲಿನಲ್ಲಿದ್ದಾಗ ಖಾಲಿ ಬಿದ್ದ ಮೈದಾನ. ಅದಕ್ಕೆ ಕೊನೆಯಲ್ಲಿ ಸೇರಿದ್ದು ಬ್ರಿಟನ್ನಿನ ಅವಸರ. ರ‍್ಯಾಡ್‌ಕ್ಲಿಫ್ ಭಾರತಕ್ಕೆ ಕಾಲಿಟ್ಟದ್ದು 1947ರ ಜುಲೈ 8. ಐದು ವಾರದಲ್ಲಿ ಗಡಿ ಗೀಚಿದರು. ಕೋಟಿಗೂ ಹೆಚ್ಚು ಜನ ಮನೆಮಠ ಕಳೆದುಕೊಂಡರು. ಇಷ್ಟೂ ಕೊಂಡಿಗಳು ಬಿಟ್ಟುಹೋಗುವುದರಿಂದಲೇ ವಿಭಜನೆ ತಪ್ಪುತ್ತಿತ್ತು ಎನ್ನುವುದು. ಹಿಂದೂ-ಮುಸ್ಲಿಂ ಜಗಳ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ.

ಅಂಬೇಡ್ಕರ್ ಅವರ ವಿಷಯ ಚಿಕ್ಕದಾಗಿ ಹೇಳಿದರೂ ಭಾರವಾದದ್ದು. ನೆಹರೂ ವರದಿ ಅಸ್ಪೃಶ್ಯ ವರ್ಗಗಳಿಗೆ ಶಾಸನಸಭೆಯಲ್ಲಿ ಯಾವ ಮೀಸಲನ್ನೂ ಕೊಟ್ಟಿರಲಿಲ್ಲ. ಎಲ್ಲರಿಗೂ ಮತದ ಹಕ್ಕು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೈತೊಳೆದುಕೊಂಡಿತ್ತು. ಅಂಬೇಡ್ಕರ್ ದುಂಡುಮೇಜಿಗೆ ಹೋಗಿ ವಾದಿಸಿದ್ದು, ಅಸ್ಪೃಶ್ಯರಿಗೂ ಪ್ರತ್ಯೇಕ ಮತಪಟ್ಟಿ ಕೊಟ್ಟ 1932ರ ಬ್ರಿಟಿಷ್ ಕೋಮು ತೀರ್ಪು, ಗಾಂಧೀಜಿಯ ಉಪವಾಸ, ಪುಣೆ ಒಪ್ಪಂದದಲ್ಲಿ ಪ್ರಾಂತಗಳಿಗೆ ಸಿಕ್ಕ 148 ಸ್ಥಾನ, ಇವೆಲ್ಲ ಬ್ರಿಟನ್ ಆಗ ಒಪ್ಪದೆ ಎಳೆದಾಡಿದ್ದರಿಂದ ದೊರೆತ ಸಮಯದಲ್ಲಿ ನಡೆದವು. 1931ರ ಸಂವಿಧಾನ ಸಪ್ರು, ಮೋತಿಲಾಲ್, ಜಯಕರ್, ಮಾಳವೀಯರಂಥ ವಕೀಲರ ಸಂವಿಧಾನ. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರುವ ಕಲಮು ಅದರಲ್ಲಿ ಇರುತ್ತಿತ್ತು ಎಂದು ನಂಬುವುದು ಕಷ್ಟ.

ಹಾಗೆಯೇ ದಂಡಿ ಇರುತ್ತಿರಲಿಲ್ಲ, ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಇರುತ್ತಿರಲಿಲ್ಲ, ಉತ್ತರ ಕನ್ನಡದ ಕರನಿರಾಕರಣೆ ಇರುತ್ತಿರಲಿಲ್ಲ. ಕಾಂಗ್ರೆಸ್ ಹಳ್ಳಿಯ ಮನೆಮನೆಗೆ ಹೊಕ್ಕಿದ್ದು, ಹೆಂಗಸರು ಸಾವಿರಗಟ್ಟಲೆ ಹೊರಬಂದದ್ದು 1930ರಿಂದ. ಅದಿಲ್ಲದ ಕಾಂಗ್ರೆಸ್ ಪಟ್ಟಣದ ಪಕ್ಷವಾಗಿಯೇ ಗದ್ದುಗೆ ಹತ್ತುತ್ತಿತ್ತು. ಮೊದಲ ಪ್ರಧಾನಿ ಆಗಬಹುದಾಗಿದ್ದ ಮೋತಿಲಾಲ್ 1931ರ ಫೆಬ್ರವರಿಯಲ್ಲೇ ತೀರಿಕೊಂಡರು. ನಲವತ್ತರ ಜವಾಹರಲಾಲ್ ಮತ್ತು ಬೋಸ್ ಡೊಮಿನಿಯನ್ನನ್ನೇ ಒಪ್ಪದವರು. ಅವರು ವಿರೋಧಪಕ್ಷದ ಬೆಂಚಿನಲ್ಲಿ ಜೊತೆಯಾಗಿ ಕುಳಿತಿರುತ್ತಿದ್ದರು ಎಂದು ನೆನೆದರೆ ನನಗೆ ಕುತೂಹಲವಾಗುತ್ತದೆ.

ಈ ಕಟ್ಟಡಕ್ಕೆ ನಿಜವಾದ ಪರೀಕ್ಷೆ 1939ರ ಸೆಪ್ಟೆಂಬರ್. ಆಗ ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ದೂಡಿದರು. ಡೊಮಿನಿಯನ್ ಆಗಿದ್ದರೆ ಮತಕ್ಕೆ ಹಾಕಬೇಕಿತ್ತು. ಕೆನಡಾ ಒಂದು ವಾರ ತಡೆದು ತಾನೇ ಯುದ್ಧ ಸಾರಿತು. ದಕ್ಷಿಣ ಆಫ್ರಿಕಾದಲ್ಲಿ ತಟಸ್ಥವಾಗಿರೋಣ ಎಂದ ಪ್ರಧಾನಿ ಹರ್ಟ್ಜೋಗ್ 80ಕ್ಕೆ 67ರಲ್ಲಿ ಸೋತು ಇಳಿದರು. ಐರ್ಲೆಂಡ್ ತಟಸ್ಥವಾಗೇ ಉಳಿಯಿತು. ದೆಹಲಿ ಏನು ಮಾಡುತ್ತಿತ್ತು? ಹಿಟ್ಲರನ ವಿರುದ್ಧ ನಿಲ್ಲಲು ಮತ ಸಿಗುತ್ತಿತ್ತು ಎಂದೇ ನನ್ನ ಎಣಿಕೆ, ಕೇಳಿ ಪಡೆದಿದ್ದರೆ. ಸಿಗದಿದ್ದರೆ? ಕೈರೋದ ಒಂದು ರಾತ್ರಿಯನ್ನು ನೋಡಿ. 1942ರ ಫೆಬ್ರವರಿ 4. ಜರ್ಮನ್ ದಂಡನಾಯಕ ರೊಮೆಲ್‌ನ ಸೈನ್ಯ ಈಜಿಪ್ಟಿನತ್ತ ಬರುತ್ತಿದೆ. ಬ್ರಿಟಿಷ್ ರಾಯಭಾರಿ ಮೈಲ್ಸ್ ಲ್ಯಾಂಪ್ಸನ್ ಅಬ್ದೀನ್ ಅರಮನೆಯ ಸುತ್ತ ಟ್ಯಾಂಕುಗಳನ್ನು ನಿಲ್ಲಿಸಿ, ಪಿಸ್ತೂಲುಧಾರಿ ಅಧಿಕಾರಿಗಳೊಂದಿಗೆ ಒಳನುಗ್ಗಿ, ದೊರೆ ಫಾರೂಕ್ ಮುಂದೆ ಪಟ್ಟ ಬಿಡುವ ಪತ್ರವನ್ನು ಇಟ್ಟರು. ಇದಕ್ಕೆ ಸಹಿ ಹಾಕು, ಇಲ್ಲವೇ ನಾವು ಹೇಳಿದವರನ್ನು ಪ್ರಧಾನಿ ಮಾಡು. ದೊರೆ ನಹ್ಹಾಸ್ ಪಾಷಾರನ್ನು ಕರೆದರು. ಸ್ವತಂತ್ರವಾಗಿ ಇಪ್ಪತ್ತು ವರ್ಷವಾಗಿದ್ದ ದೇಶದ ಅರಮನೆಯಲ್ಲಿ ನಡೆದದ್ದು ಇದು. ಸಿಂಗಾಪುರ ಬಿದ್ದು ಜಪಾನೀಯರು ರಂಗೂನಿಗೆ ಬಂದ ತಿಂಗಳುಗಳಲ್ಲಿ, ಸೈನ್ಯ ಇನ್ನೂ ವೈಸರಾಯ್ ಕೈಯಲ್ಲೇ ಇದ್ದ ದೆಹಲಿಯಲ್ಲಿ, ಇಂಥದ್ದು ನಡೆಯಲಾರದೆಂದು ಯಾರು ಹೇಳಬಲ್ಲರು?

ಇನ್ನು ಕರ್ನಾಟಕ. ನೆಹರೂ ವರದಿ ನಮ್ಮ ಮಟ್ಟಿಗೆ ಉದಾರವಾಗಿತ್ತು. ಮೈಸೂರಿನ ಆಚೆ ಬದಿಯ ಸಣ್ಣ ತುಣುಕುಗಳನ್ನು ಬಿಟ್ಟು ಬ್ರಿಟಿಷ್ ಆಳ್ವಿಕೆಯ ಕನ್ನಡ ಪ್ರದೇಶಗಳನ್ನು ಒಂದು ಪ್ರತ್ಯೇಕ ಪ್ರಾಂತ ಮಾಡಬೇಕೆಂದು ಅದು ಸ್ಪಷ್ಟವಾಗಿ ಶಿಫಾರಸು ಮಾಡಿತ್ತು. 1936ರಲ್ಲಿ ಸಿಂಧ್ ಮತ್ತು ಒರಿಸ್ಸಾ ಹೊಸ ಪ್ರಾಂತಗಳಾದವು, ನಾವು ಮಾತ್ರ ಕೈ ಹಿಸುಕಿಕೊಂಡು ಕುಳಿತೆವು. ಡೊಮಿನಿಯನ್ ಬಂದಿದ್ದರೆ 1930ರ ದಶಕದಲ್ಲೇ ಒಂದು ಕರ್ನಾಟಕ ಪ್ರಾಂತ ಆಗಿರುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬೊಂಬಾಯಿಯಿಂದ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸಿನಿಂದ. ಬಳ್ಳಾರಿಗಾಗಿ ಆಂಧ್ರದವರೊಂದಿಗೆ 1953ರಲ್ಲಿ ಆದ ಜಗ್ಗಾಟ ಇಪ್ಪತ್ತು ವರ್ಷ ಮೊದಲೇ ಆಗುತ್ತಿತ್ತು. ಕೊಡಗಿನದು ಅನುಮಾನ. ಅದು ಚೀಫ್ ಕಮಿಷನರ್ ಪ್ರಾಂತ, ಆ ಕಮಿಷನರ್ ಬೆಂಗಳೂರಿನಲ್ಲಿ ಕೂರುತ್ತಿದ್ದ ಮೈಸೂರಿನ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟರೇ.

ಆ ಪ್ರಾಂತ ನೋಡಲು ಹೇಗಿರುತ್ತಿತ್ತು? ರಾಜಧಾನಿ ಧಾರವಾಡ ಎಂದುಕೊಳ್ಳಿ. ಬಳ್ಳಾರಿಯ ಶಾಸಕ ಹೊಸಪೇಟೆ, ಗದಗ, ಹುಬ್ಬಳ್ಳಿ ದಾಟಿ ರೈಲಿನಲ್ಲಿ ಸಲೀಸಾಗಿ ಬರುತ್ತಾನೆ. ಮಂಗಳೂರಿನವನು ರೈಲನ್ನೇ ನೆಚ್ಚಿದರೆ ಶೊರನೂರು, ಈರೋಡು, ಜೋಲಾರಪೇಟೆ ಸುತ್ತಿ, ಬೆಂಗಳೂರಿನಲ್ಲಿ ಗಾಡಿ ಬದಲಿಸಿ, ಮಹಾರಾಜರ ಮೈಸೂರು ಸೀಮೆಯನ್ನು ಉದ್ದಕ್ಕೂ ದಾಟಿ ಹರಿಹರದ ಮೇಲೆ ಬರಬೇಕು. ಇಲ್ಲವೇ ಘಟ್ಟದ ರಸ್ತೆ, ಇಲ್ಲವೇ ಕಾರವಾರದವರೆಗೆ ಸ್ಟೀಮರು. ಮಂಗಳೂರು-ಹಾಸನ ರೈಲು ಬಂದದ್ದು 1979ರಲ್ಲಿ. ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಎಂದು ಪುಟ್ಟ ಪುಟ್ಟ ಸಂಸ್ಥಾನಗಳು. ಬೀದರ, ಗುಲ್ಬರ್ಗ, ರಾಯಚೂರು ನಿಜಾಮರ ಕೈಯಲ್ಲಿ. 1948ರ ಸೆಪ್ಟೆಂಬರಿನಲ್ಲಿ ಐದು ದಿನದಲ್ಲಿ ಮುಗಿದ ಪೊಲೀಸ್ ಕಾರ್ಯಾಚರಣೆಯನ್ನು, ಸಿಕಂದರಾಬಾದಿನಲ್ಲಿ ಬ್ರಿಟಿಷ್ ದಂಡು ಕುಳಿತಿರುವಾಗ ಯಾರೂ ಮಾಡಲಾರರು.

ಮೈಸೂರಿನ ಮಾತು ಇನ್ನೂ ಸೂಕ್ಷ್ಮ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಕಾವೇರಿಯ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಸ್ವಂತ ವಿಶ್ವವಿದ್ಯಾಲಯ ಎಲ್ಲ ಇದ್ದವು. ಪಕ್ಕದ ಬಡ ಪ್ರಾಂತದೊಂದಿಗೆ ಒಲೆ ಹಂಚಿಕೊಳ್ಳುವ ಆತುರ ಅದಕ್ಕೆ ಇರಲಿಲ್ಲ. ಏಕೀಕರಣಕ್ಕೆ ಹಳೆ ಮೈಸೂರಿನಲ್ಲಿ 1950ರ ದಶಕದಲ್ಲೂ ಎಷ್ಟು ಅಪಸ್ವರ ಎದ್ದಿತು ಎಂಬುದು ನಿಮಗೆ ಗೊತ್ತಿರಬಹುದು. ಧಾರವಾಡದಲ್ಲಿ ಆಗಲೇ ಒಂದು ಕರ್ನಾಟಕ ಸರಕಾರ, ಮಂತ್ರಿಗಳು, ಹೈಕೋರ್ಟು ನೆಲೆಯೂರಿದ್ದಿದ್ದರೆ ಎರಡು ರಾಜಧಾನಿ, ಎರಡು ಆಡಳಿತದ ಜನ ಎದುರಾಗುತ್ತಿದ್ದರು. ಕೂಡಿಸುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಅರ್ಧ ಕರ್ನಾಟಕ 1935ರ ಆಸುಪಾಸಿಗೆ ಬರುತ್ತಿತ್ತು. ಬೆಂಗಳೂರು, ಮೈಸೂರು ಸೇರಿದ ಕರ್ನಾಟಕ 1956ರೊಳಗೆ ಬರುತ್ತಿತ್ತೆಂದು ನಾನು ಪಣ ಕಟ್ಟಲಾರೆ.